ಪ್ರನಾಳ ಶಿಶು ಚಿಕಿತ್ಸೆಯ ಹರಿಕಾರ ಡಾ| ಸುಭಾಷ್ ಮುಖೋಪಾಧ್ಯಾಯ

ಮಕ್ಕಳಿಲ್ಲದ ದಂಪತಿಗಳು ಪ್ರನಾಳ ಶಿಶು ಚಿಕಿತ್ಸೆಗೆ ಹೋದಾಗ, ಭ್ರೂಣವನ್ನು ಸದ್ಯಕ್ಕೆ ಶೀತಲೀಕರಿಸಿ ಇಟ್ಟು, ಗರ್ಭಕೋಶ ಸಿದ್ಧವಾದ ಮೇಲೆ ಮುಂದಿನ ತಿಂಗಳುಗಳಲ್ಲಿ ಒಳಗಿಡೋಣ ಎಂದು ವೈದ್ಯರು ಹೇಳುವುದು ಇಂದು ಸಾಮಾನ್ಯ. ಈ ಕ್ರಮದಲ್ಲಿ ಮೊದಲ ಮಗು ಜನಿಸಿದ್ದು ವಿದೇಶದಲ್ಲಲ್ಲ, ನಮ್ಮ ದೇಶದ ಕೋಲ್ಕತಾದಲ್ಲಿ, 1978ರಲ್ಲಿ. ಇದನ್ನು ಸಾಧಿಸಿದವರು ಡಾ| ಸುಭಾಷ್ ಮುಖೋಪಾಧ್ಯಾಯ. ಬದುಕಿದ್ದಾಗ ಅವರಿಗೆ ಸಿಕ್ಕಿದ್ದು ಮಾತ್ರ ಸನ್ಮಾನವಲ್ಲ, ಅವಮಾನ.

ಸುಭಾಷ್ ಅವರು 1931ರ ಜನವರಿ 16ರಂದು ಅಂದಿನ ಬಿಹಾರದ (ಇಂದಿನ ಜಾರ್ಖಂಡ್) ಹಜಾರಿಬಾಗ್‌ನಲ್ಲಿ ಜನಿಸಿದರು. ಕೋಲ್ಕತಾದಲ್ಲಿ ವೈದ್ಯಕೀಯ ಪದವಿ ಪಡೆದು, 1958ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದಿಂದ ಪಿಎಚ್.ಡಿ. ಗಳಿಸಿದರು. ಅಲ್ಲಿಗೇ ತೃಪ್ತರಾಗದೆ ಸ್ಕಾಟ್ಲೆಂಡಿನ ಎಡಿನ್‌ಬರೊಗೆ ತೆರಳಿ, ಹಾರ್ಮೋನುಗಳ ಅಧ್ಯಯನದಲ್ಲಿ 1967ರಲ್ಲಿ ಎರಡನೇ ಪಿಎಚ್.ಡಿ. ಪಡೆದರು. ವಿದೇಶದಲ್ಲೇ ನೆಲೆಸುವ ಅವಕಾಶವಿದ್ದರೂ ಊರಿಗೆ ಮರಳಿ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಶರೀರಶಾಸ್ತ್ರದ ಅಧ್ಯಾಪಕರಾದರು. ದಿನದ ಪಾಠ ಮುಗಿದ ಮೇಲಿನ ಸಮಯವೆಲ್ಲ ಸಂಶೋಧನೆಗೇ ಮೀಸಲಾಗಿತ್ತು.

ಗರ್ಭನಾಳ ಮುಚ್ಚಿಹೋದ ಕಾರಣ ಮಕ್ಕಳಾಗದ ಮಹಿಳೆಯೊಬ್ಬರು ಪತಿಯೊಂದಿಗೆ ಅವರಲ್ಲಿಗೆ ಬಂದರು. ಸ್ತ್ರೀರೋಗ ತಜ್ಞ ಡಾ| ಸರೋಜ್ ಕಾಂತಿ ಭಟ್ಟಾಚಾರ್ಯ ಹಾಗೂ ಶೀತಲೀಕರಣದ ವಿಷಯ ಬಲ್ಲ ವಿಜ್ಞಾನಿ ಸುನೀತ್ ಮುಖರ್ಜಿ ಅವರನ್ನು ಜತೆಗೂಡಿಸಿಕೊಂಡು ಸುಭಾಷ್ ಕೆಲಸಕ್ಕೆ ಇಳಿದರು. ಹಾರ್ಮೋನ್ ಚುಚ್ಚುಮದ್ದಿನಿಂದ ಒಂದಕ್ಕಿಂತ ಹೆಚ್ಚು ಅಂಡಾಣುಗಳನ್ನು ಬೆಳೆಸಿದರು. ಅವುಗಳನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಫಲಗೊಳಿಸಿದರು. ಬೆಳೆದ ಭ್ರೂಣಗಳನ್ನು ಮಂಜಿನ ಹರಳುಗಳಿಂದ ಕಾಪಾಡುವ ರಾಸಾಯನಿಕದಲ್ಲಿ ಶೀತಲೀಕರಿಸಿ 53 ದಿನ ಇಟ್ಟರು. ಬಳಿಕ ತಾಯಿಯ ದೇಹ ಸಹಜ ಸ್ಥಿತಿಗೆ ಮರಳಿದ ಮತ್ತೊಂದು ಋತುಚಕ್ರದಲ್ಲಿ ಗರ್ಭಕೋಶಕ್ಕೆ ಸೇರಿಸಿದರು.

ಹೀಗೆ ಕಾಯುವುದರ ಹಿಂದೆ ಆಳವಾದ ತಿಳಿವಳಿಕೆ ಇತ್ತು. ಅಂಡಾಣು ಹೆಚ್ಚಿಸಲು ಕೊಡುವ ಮದ್ದು ದೇಹದ ಹಾರ್ಮೋನುಗಳನ್ನು ಏರುಪೇರು ಮಾಡುತ್ತದೆ. ಆ ತಿಂಗಳು ಗರ್ಭಕೋಶದ ಒಳಪದರ ಭ್ರೂಣವನ್ನು ಹಿಡಿದುಕೊಳ್ಳಲು ತಕ್ಕ ಸ್ಥಿತಿಯಲ್ಲಿ ಇರಲಿಕ್ಕಿಲ್ಲ. ಬೀಜ ಎಷ್ಟೇ ಒಳ್ಳೆಯದಿದ್ದರೂ ನೆಲ ಹದವಾಗಿರಬೇಕು ಎಂಬ ನಮ್ಮ ರೈತರ ಲೆಕ್ಕಾಚಾರವೇ ಇಲ್ಲಿಯೂ ನಡೆಯಿತು.

1978ರ ಅಕ್ಟೋಬರ್ 3ರಂದು, ನವರಾತ್ರಿಯ ಹೊತ್ತಿಗೆ, ಆರೋಗ್ಯವಂತ ಹೆಣ್ಣು ಮಗು ಜನಿಸಿತು. ದುರ್ಗಾ ಎಂಬ ಹೆಸರಿನಿಂದ ಆ ಮಗು ಪ್ರಸಿದ್ಧವಾಯಿತು. ಜಗತ್ತಿನ ಪ್ರಥಮ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಜನಿಸಿ ಆಗ 70 ದಿನಗಳಷ್ಟೇ ಕಳೆದಿದ್ದವು. ಅಲ್ಲಿನ ತಜ್ಞರು ಸಹಜ ಋತುಚಕ್ರದ ಒಂದೇ ಅಂಡಾಣುವನ್ನು ಬಳಸಿದ್ದರು, ಭ್ರೂಣವನ್ನು ಶೀತಲೀಕರಿಸಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಶೀತಲೀಕರಿಸಿದ ಭ್ರೂಣದಿಂದ ಮಗು ಹುಟ್ಟಿದ್ದು 1984ರಲ್ಲಿ.

ಅವಮಾನದ ದಿನಗಳು

ಸಂತಸದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿದ್ದಂತೆ ಸಂಶಯಗಳೂ ಎದ್ದವು. ಮಗುವಿನ ಹೆತ್ತವರು ಸಂಪ್ರದಾಯಸ್ಥ ಕುಟುಂಬದವರು. ಸಮಾಜ ಏನೆನ್ನುವುದೋ ಎಂಬ ಅಂಜಿಕೆಯಿಂದ ಅವರು ಪ್ರಚಾರ ಬಯಸಲಿಲ್ಲ. ಅವರ ಗೌಪ್ಯವನ್ನು ವೈದ್ಯರು ಕಾಪಾಡಿದರು. ಪಶ್ಚಿಮ ಬಂಗಾಲ ಸರಕಾರ ಆ ವರ್ಷದ ನವೆಂಬರ್‌ನಲ್ಲಿ ವಿಚಾರಣಾ ಸಮಿತಿ ನೇಮಿಸಿತು. ಪ್ರನಾಳ ಶಿಶು ವಿಜ್ಞಾನದಲ್ಲಿ ಅನುಭವವಿದ್ದ ಒಬ್ಬರೂ ಆ ಸಮಿತಿಯಲ್ಲಿ ಇರಲಿಲ್ಲ. ಡಾ| ಸುಭಾಷ್ ಹೇಳಿದ್ದು ನಂಬತಕ್ಕದ್ದಲ್ಲ ಎಂದು ಅದು ತೀರ್ಮಾನಿಸಿತು. 1979ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಮ್ಮ ಕೆಲಸವನ್ನು ವಿವರಿಸಲು ಬಂದ ಆಹ್ವಾನಕ್ಕೆ ಹೋಗಲು ಅವರಿಗೆ ಅನುಮತಿ ಸಿಗಲಿಲ್ಲ. ಹೃದಯಾಘಾತದಿಂದ ಬಳಲಿದ್ದ ಅವರನ್ನು 1981ರ ಜೂನ್‌ನಲ್ಲಿ ಅವರ ಸಂಶೋಧನೆಗೆ ಸಂಬಂಧವೇ ಇಲ್ಲದ ನೇತ್ರ ವಿಜ್ಞಾನ ಸಂಸ್ಥೆಗೆ ವರ್ಗಾಯಿಸಲಾಯಿತು. ಅದೇ ತಿಂಗಳ 19ರಂದು, 50ರ ವಯಸ್ಸಿನಲ್ಲಿ, ಅವರು ತಮ್ಮ ಮನೆಯಲ್ಲಿ ಪ್ರಾಣ ಕಳೆದುಕೊಂಡರು. ಈ ದುರಂತದ ಪ್ರೇರಣೆಯಿಂದ ತಪನ್ ಸಿನ್ಹಾ ಅವರು ನಿರ್ದೇಶಿಸಿದ ಹಿಂದಿ ಚಿತ್ರವೇ 'ಏಕ್ ಡಾಕ್ಟರ್ ಕೀ ಮೌತ್'.

ಮುಂಬಯಿ, ಬೆಂಗಳೂರಿನ ನಂಟು

1986ರ ಆಗಸ್ಟ್ 6ರಂದು ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾ| ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಡಾ| ಟಿ. ಸಿ. ಆನಂದ ಕುಮಾರ್ ಅವರ ಪ್ರಯತ್ನದಿಂದ ಹರ್ಷಾ ಎಂಬ ಮಗು ಜನಿಸಿತು. ಭಾರತದ ಪ್ರಥಮ ಪ್ರನಾಳ ಶಿಶು ಎಂಬ ಕೀರ್ತಿ ಈ ತಂಡಕ್ಕೆ ಬಂತು. ಆದರೆ 1997ರಲ್ಲಿ ಕೋಲ್ಕತಾಕ್ಕೆ ಹೋದ ಆನಂದ ಕುಮಾರ್ ಅವರಿಗೆ ಡಾ| ಸುಭಾಷ್ ಅವರ ಕೈಬರಹದ ಟಿಪ್ಪಣಿಗಳು ದೊರೆತವು. ಅವುಗಳನ್ನು ಓದಿ, ದುರ್ಗಾಳ ಹೆತ್ತವರೊಂದಿಗೆ ಮಾತನಾಡಿದ ಮೇಲೆ ಅವರಿಗೆ ಸತ್ಯ ಮನದಟ್ಟಾಯಿತು. ಮೊದಲಿಗರು ತಾವಲ್ಲ, ಡಾ| ಸುಭಾಷ್ ಎಂದು ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅದೇ ವರ್ಷ ಬರೆದರು. ತನ್ನ ಕೊರಳಿಗೆ ಬಿದ್ದ ಹಾರವನ್ನು ತೆಗೆದು ಅರ್ಹರಿಗೆ ತೊಡಿಸುವ ಇಂಥ ಮನಸ್ಸು ಅಪರೂಪ. ಆನಂದ ಕುಮಾರ್ ನಂತರದ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 2010ರಲ್ಲಿ ನಿಧನರಾದರು. ಲೂಯಿಸ್ ಬ್ರೌನ್ ಜನನಕ್ಕೆ ಕಾರಣರಾದ ರಾಬರ್ಟ್ ಎಡ್ವರ್ಡ್ಸ್ ಅವರಿಗೆ ನೊಬೆಲ್ ಬಂದುದೂ ಅದೇ ವರ್ಷ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2005ರ ಮಾರ್ಗಸೂಚಿಯಲ್ಲಿ ಡಾ| ಸುಭಾಷ್ ಅವರ ಸಾಧನೆ ದಾಖಲಾಗಿದೆ. ದುರ್ಗಾ ತನಗೆ 25 ತುಂಬಿದಾಗ, 2003ರಲ್ಲಿ, ತಾನೇ ಸಾರ್ವಜನಿಕರ ಮುಂದೆ ಬಂದು ತನ್ನ ಜನನದ ಕತೆಯನ್ನು ಹೇಳಿದಳು.

ಇಂದಿನ ಕ್ರಮ

ಇಂದು ಭ್ರೂಣಗಳನ್ನು ಮೈನಸ್ 196 ಡಿಗ್ರಿ ತಣ್ಣಗಿನ ದ್ರವ ಸಾರಜನಕದಲ್ಲಿ ಇಡುತ್ತಾರೆ. ಒಳಗಿಡುವ ಮೊದಲಿನ ಸಿದ್ಧತೆಗೆ ಮುಖ್ಯವಾಗಿ ಎರಡು ದಾರಿಗಳಿವೆ. ಮುಟ್ಟು ಕ್ರಮವಾಗಿದ್ದವರಿಗೆ ಸ್ಕ್ಯಾನ್ ಮಾಡುತ್ತಾ ಸಹಜವಾಗಿ ಅಂಡ ಬಿಡುಗಡೆಯಾಗುವ ದಿನವನ್ನು ಗುರುತಿಸುತ್ತಾರೆ. ಉಳಿದವರಿಗೆ ಸುಮಾರು ಎರಡು ವಾರ ಈಸ್ಟ್ರೋಜನ್ ಮಾತ್ರೆ ಕೊಟ್ಟು, ಒಳಪದರ ಸಾಮಾನ್ಯವಾಗಿ 7 ಮಿ.ಮೀ. ಅಥವಾ ಹೆಚ್ಚು ದಪ್ಪವಾದ ಮೇಲೆ ಪ್ರೊಜೆಸ್ಟೆರಾನ್ ಆರಂಭಿಸುತ್ತಾರೆ. ಭ್ರೂಣ ಎಷ್ಟು ದಿನದ್ದೋ ಅದಕ್ಕೆ ಹೊಂದುವಂತೆ ದಿನ ನಿಗದಿಯಾಗುತ್ತದೆ. ಆದುದರಿಂದ ವೈದ್ಯರು ಹೇಳಿದ ಮದ್ದನ್ನು ಒಂದು ಹೊತ್ತೂ ತಪ್ಪಿಸಬಾರದು, ತಾವಾಗಿ ನಿಲ್ಲಿಸಲೂಬಾರದು. ಒಳಗಿಡುವ ಕೆಲಸ ಕೆಲವೇ ನಿಮಿಷಗಳದ್ದು. ಫಲಿತಾಂಶ ತಿಳಿಯಲು ಸುಮಾರು ಎರಡು ವಾರ ಕಾಯಬೇಕು. ಎಲ್ಲ ಪ್ರಯತ್ನವೂ ಫಲಿಸುವುದಿಲ್ಲ. ಫಲಿಸದಿದ್ದರೆ ಅದು ಹೆಣ್ಣಿನ ತಪ್ಪಲ್ಲ ಎಂಬುದನ್ನು ಮನೆಯ ಹಿರಿಯರು ತಿಳಿದಿರಬೇಕು. 2021ರ ಕಾಯಿದೆಯಂತೆ ಇಂಥ ಕೇಂದ್ರಗಳಿಗೆ ನೋಂದಣಿ ಕಡ್ಡಾಯ, ದಂಪತಿಯ ಲಿಖಿತ ಒಪ್ಪಿಗೆಯೂ ಕಡ್ಡಾಯ.

ಜನರ ಬಾಯಿಗೆ ಹೆದರಿ ಒಂದು ಕುಟುಂಬ ಮೌನವಾಗಿತ್ತು, ಆ ಮೌನವನ್ನು ಗೌರವಿಸಿದ ವೈದ್ಯರು ಸುಳ್ಳರೆನಿಸಿಕೊಂಡರು. ಊರು ಬಿಟ್ಟು ಬಂದ ನಮ್ಮವರಲ್ಲಿ ಇಂದಿಗೂ ಎಷ್ಟೋ ದಂಪತಿಗಳು ಈ ಚಿಕಿತ್ಸೆಯನ್ನು ಯಾರಿಗೂ ಹೇಳದೆ ನಡೆಸುತ್ತಾರೆ. ಹೇಳುವುದು, ಬಿಡುವುದು ಅವರವರ ಇಷ್ಟ. ಆದರೆ ಅಂಜಿಕೆಯಿಂದ ಮುಚ್ಚಿಡಬೇಕಾದ ಪರಿಸ್ಥಿತಿ ಇರಬಾರದು. ಸಂಘದ ಸಭೆ, ಅರಸಿನ ಕುಂಕುಮ, ಮದುವೆ ಮನೆಗಳಲ್ಲಿ ಮಕ್ಕಳ ವಿಷಯ ಕೆದಕದೆ, ಕೇಳಿದವರಿಗೆ ಮಾತ್ರ ಧೈರ್ಯದ ಮಾತು ಹೇಳುವುದೇ ಡಾ| ಸುಭಾಷ್ ಮುಖೋಪಾಧ್ಯಾಯರಿಗೆ ನಾವು ಸಲ್ಲಿಸಬಹುದಾದ ನಿಜವಾದ ಶ್ರದ್ಧಾಂಜಲಿ.