ಸಿಡ್ನಿ ರಿಂಗರ್: ತಪ್ಪನ್ನು ತಾವೇ ತಿದ್ದಿಕೊಂಡ ವೈದ್ಯ

ಗಡಸು ನೀರನ್ನು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ಕೊತ್ತಗೆರೆಯಂತಹ ಬಯಲುಸೀಮೆಯ ಊರುಗಳ ಗೃಹಿಣಿಯರು ಬಲ್ಲರು. ಅದರ ಬಹುಭಾಗ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ನೀರಿನಲ್ಲಿ ಅಡಗಿರುವ ಈ ವಸ್ತುವಿಗೂ ಹೃದಯದ ಮಿಡಿತಕ್ಕೂ ಇರುವ ನಂಟನ್ನು ತೋರಿಸಿಕೊಟ್ಟ ಮಹನೀಯರು ಸಿಡ್ನಿ ರಿಂಗರ್.

ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ಜನಿಸಿದ ರಿಂಗರ್ ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯವಿದ್ಯೆ ಕಲಿತು, ಅಲ್ಲಿನ ಆಸ್ಪತ್ರೆಯಲ್ಲಿಯೇ ಜೀವಮಾನವಿಡೀ ಸೇವೆ ಸಲ್ಲಿಸಿದರು. 1869ರಲ್ಲಿ ಪ್ರಕಟವಾದ ಅವರ ಔಷಧಶಾಸ್ತ್ರದ ಕೈಪಿಡಿ ಹಲವು ಮುದ್ರಣಗಳನ್ನು ಕಂಡಿತು. ರೋಗಿಗಳ ಆರೈಕೆಯ ನಡುವೆ ದೊರೆತ ಬಿಡುವನ್ನು ಅವರು ಪ್ರಯೋಗಶಾಲೆಗೆ ಮೀಸಲಿಟ್ಟರು.

ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪಿನ ದ್ರಾವಣದಲ್ಲಿರಿಸಿದಾಗ ಅದು ಬಹಳ ಹೊತ್ತು ಮಿಡಿಯಿತು. 1882ರಲ್ಲಿ ಈ ಫಲಿತಾಂಶ ಪ್ರಕಟವೂ ಆಯಿತು. ಅನಂತರ, ದ್ರಾವಣಕ್ಕೆ ಬಳಸಿದ್ದುದು ಬಟ್ಟಿ ಇಳಿಸಿದ ಶುದ್ಧ ನೀರಲ್ಲ, ನಗರದ ನಲ್ಲಿಯ ನೀರೆಂಬ ಸಂಗತಿ ಬೆಳಕಿಗೆ ಬಂದಿತು. ಶುದ್ಧ ನೀರಿನಲ್ಲಿ ಪ್ರಯೋಗವನ್ನು ಪುನಃ ನಡೆಸಲು ಹೃದಯ ಬೇಗನೆ ಸೋತು ನಿಂತಿತು; ಕ್ಯಾಲ್ಸಿಯಂ ಬೆರೆಸಲು ಮತ್ತೆ ಮಿಡಿಯಿತು. ರಿಂಗರ್ ಮೌನವಾಗಿದ್ದು ಕೀರ್ತಿಯನ್ನು ಕಾಪಾಡಿಕೊಳ್ಳಬಹುದಿತ್ತು. ಅವರು ಹಾಗೆ ಮಾಡದೆ, ಹಿಂದಿನ ಲೇಖನದ ದೋಷವನ್ನು 1883ರಲ್ಲಿ ತಾವೇ ಲೋಕಕ್ಕೆ ಸಾರಿದರು. ಆ ತಿದ್ದುಪಡಿಯೇ ಮಹಾಶೋಧವಾಯಿತು.

ಅಗಲಿದ ಮಗಳ ಸ್ಮರಣಾರ್ಥ ಅವರು ಲ್ಯಾಸ್ಟಿಂಗ್‌ಹ್ಯಾಮ್ ಗ್ರಾಮದ ಪುರಾತನ ಚರ್ಚನ್ನು ಜೀರ್ಣೋದ್ಧಾರ ಮಾಡಿಸಿದರು. 1910ರಲ್ಲಿ ಅದೇ ಗ್ರಾಮದಲ್ಲಿ ಕಾಲವಾದರು.

ಅವರು ಹಚ್ಚಿದ ದೀಪದಿಂದ ಮುಂದೆ ಮತ್ತೊಂದು ದೀಪ ಬೆಳಗಿತು. 1960ರ ದಶಕದಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್, ಕೆಲವು ಔಷಧಗಳು ಹೃದಯದ ಸ್ನಾಯುವಿನ ಮೇಲೆ ಕ್ಯಾಲ್ಸಿಯಂ ಕೊರತೆಯಂತೆಯೇ ಪರಿಣಾಮ ಬೀರುವುದನ್ನು ಕಂಡು, ಅವುಗಳನ್ನು ಕ್ಯಾಲ್ಸಿಯಂ ವಿರೋಧಿಗಳೆಂದು ಕರೆದರು. ಈ ವರ್ಗದ ನಿಫೆಡಿಪಿನ್, ಆಮ್ಲೋಡಿಪಿನ್ ಮಾತ್ರೆಗಳು ರಕ್ತನಾಳದ ಸ್ನಾಯುಕೋಶಗಳಿಗೆ ಕ್ಯಾಲ್ಸಿಯಂ ನುಗ್ಗುವುದನ್ನು ತಗ್ಗಿಸುತ್ತವೆ. ಬಿಗಿದ ನಾಳ ಸಡಿಲಗೊಂಡು ರಕ್ತದೊತ್ತಡ ಇಳಿಯುತ್ತದೆ. ಹೆಸರನ್ನು ಕೇಳಿ ಹೆದರಿ ರಾಗಿಮುದ್ದೆಯನ್ನಾಗಲಿ ಹಾಲನ್ನಾಗಲಿ ತ್ಯಜಿಸಬೇಕಾಗಿಲ್ಲ. ಆಹಾರದ ಕ್ಯಾಲ್ಸಿಯಂ ಮೂಳೆಗೆ ಬೇಕೇ ಬೇಕು. ಮಾತ್ರೆ ಅದನ್ನು ದೇಹದಿಂದ ಕಿತ್ತುಹಾಕುವುದಿಲ್ಲ. ಒತ್ತಡ ಇಳಿಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದೂ ಸಲ್ಲದು.

ಆಸ್ಪತ್ರೆಗಳಲ್ಲಿ ನಿತ್ಯವೂ ಬಳಕೆಯಾಗುವ ರಿಂಗರ್ ಲ್ಯಾಕ್ಟೇಟ್ ದ್ರಾವಣದಲ್ಲಿ ಆ ಹಿರಿಯರ ಹೆಸರು ಉಳಿದಿದೆ. ಉತ್ತರ ತಪ್ಪಾದಾಗ ಅಳಿಸಿ ಬಚ್ಚಿಡದೆ, ತಪ್ಪಿದ್ದೆಲ್ಲಿ ಎಂದು ಹುಡುಕುವ ಪ್ರತಿಯೊಬ್ಬ ವಿದ್ಯಾರ್ಥಿಯಲ್ಲಿ ಅವರ ಗುಣವೂ ಉಳಿಯುತ್ತದೆ.