ಗುರುಗಳನ್ನು ರೂಪಿಸಿದ ಗುರು: ಡೆಪ್ಯುಟಿ ಚೆನ್ನಬಸಪ್ಪನವರು

ಮಗುವನ್ನು ಶಾಲೆಗೆ ಸೇರಿಸುವಾಗ ನಮ್ಮವರು ಕಟ್ಟಡವನ್ನು ನೋಡುತ್ತಾರೆ, ಶುಲ್ಕವನ್ನು ವಿಚಾರಿಸುತ್ತಾರೆ, ಮನೆಯಿಂದ ಎಷ್ಟು ದೂರವೆಂದು ಲೆಕ್ಕ ಹಾಕುತ್ತಾರೆ. ಪಾಠ ಹೇಳುವವರು ಯಾರು, ಅವರು ಎಲ್ಲಿ ಸಿದ್ಧರಾಗಿ ಬಂದವರು ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನೇ ಎಲ್ಲಕ್ಕಿಂತ ಮೊದಲು ಕೇಳಿ, ಅದಕ್ಕೆ ಉತ್ತರ ಹುಡುಕುವುದರಲ್ಲಿಯೇ ತಮ್ಮ ಆಯುಷ್ಯವನ್ನು ಸವೆಸಿದ ಮಹನೀಯರೊಬ್ಬರು ಕನ್ನಡ ನಾಡಿನಲ್ಲಿದ್ದರು. ಅವರೇ ಡೆಪ್ಯುಟಿ ಚೆನ್ನಬಸಪ್ಪನವರು.

ಚೆನ್ನಬಸಪ್ಪನವರು ಹುಟ್ಟಿದ್ದು ಧಾರವಾಡದಲ್ಲಿ, 1830ರ ದಶಕದಲ್ಲಿ. 1818ರಲ್ಲಿ ಪೇಶ್ವೆಯವರ ಆಳ್ವಿಕೆ ಮುಗಿದು ಆ ಸೀಮೆಯು ಇಂಗ್ಲಿಷರ ವಶವಾಗಿ, ಮುಂಬಯಿ ಇಲಾಖೆಗೆ ಸೇರಿಹೋಗಿತ್ತು. ಜನರ ಮನೆಮಾತು ಕನ್ನಡ. ಕಚೇರಿಯ ಕಾಗದಪತ್ರಗಳು ಮರಾಠಿ. ಶಾಲೆಯೂ ಕಚೇರಿಯ ಭಾಷೆಯನ್ನೇ ಹಿಡಿದಿತ್ತು. ತಾಯಿಯೊಡನೆ ಕನ್ನಡವಾಡುವ ಮಗುವು ಶಾಲೆಯ ಹೊಸ್ತಿಲನ್ನು ದಾಟಿದೊಡನೆ ತನಗೆ ತಿಳಿಯದ ನುಡಿಯಲ್ಲಿ ಅಕ್ಷರ ತಿದ್ದಬೇಕಾಗಿತ್ತು. ಕನ್ನಡಿಗರ ಮಕ್ಕಳಿಗೆ ಕನ್ನಡ ಶಾಲೆ ಬೇಕೆಂದು 1830ರ ಸುಮಾರಿನಲ್ಲಿಯೇ ವಾಲ್ಟರ್ ಎಲಿಯಟ್‌ರಂತಹ ಅಧಿಕಾರಿಗಳು ಪ್ರಯತ್ನಿಸಿದ್ದುಂಟು. ಆದರೆ ವ್ಯವಸ್ಥಿತವಾಗಿ ಕನ್ನಡದಲ್ಲಿ ಕಲಿಸಬಲ್ಲ ಉಪಾಧ್ಯಾಯರು ಎಲ್ಲಿದ್ದರು?

ಬಾಲಕ ಚೆನ್ನಬಸಪ್ಪನಿಗೆ ವಿದ್ಯೆಯ ಹಸಿವು ವಿಪರೀತ. ಹೆಚ್ಚಿನ ಕಲಿಕೆಗೆ ಅಂದು ಪುಣೆಯೇ ಗತಿ. ಮನೆಯವರಿಗೆ ಹೇಳದೆಯೇ ಹೊರಟು, ಕಾಲ್ನಡಿಗೆಯಲ್ಲಿ ಅವರು ಪುಣೆಯನ್ನು ಸೇರಿದರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಆಗ ಧಾರವಾಡಕ್ಕೆ ರೈಲು ಇರಲಿಲ್ಲ. ದಾರಿಯು ನಾನೂರು ಕಿಲೋಮೀಟರಿಗೂ ಮಿಕ್ಕದ್ದು. ಊರು ಬಿಟ್ಟು ಪರಸ್ಥಳಕ್ಕೆ ಬಂದ ನಮ್ಮಂಥವರಿಗೆ ಆ ನಡಿಗೆಯ ದಣಿವನ್ನು ವಿವರಿಸಬೇಕಾಗಿಲ್ಲ. ನಾವು ಹೊಟ್ಟೆಯ ಪಾಡಿಗಾಗಿ ಬಂದೆವು. ಅವರು ವಿದ್ಯೆಗಾಗಿ ಹೋದರು. ನಮ್ಮಲ್ಲಿ ಹಲವರು ಬಂದಲ್ಲಿಯೇ ನಿಂತೆವು; ಅವರು ಕಲಿತದ್ದನ್ನು ಹೊತ್ತು ತಮ್ಮ ನಾಡಿಗೆ ಮರಳಿದರು.

ಅಷ್ಟರಲ್ಲಿ ಕಾಲವೂ ಅನುಕೂಲಕ್ಕೆ ತಿರುಗಿತ್ತು. 1854ರ ವುಡ್ಡನ ಶಿಕ್ಷಣ ನಿರೂಪವು ದೇಶಭಾಷೆಗಳಲ್ಲಿ ಶಿಕ್ಷಣವನ್ನು ಹರಡಬೇಕೆಂದೂ, ಉಪಾಧ್ಯಾಯರನ್ನು ಸಿದ್ಧಪಡಿಸುವ ಶಾಲೆಗಳನ್ನು ತೆರೆಯಬೇಕೆಂದೂ ವಿಧಿಸಿತು. ಅದರ ಫಲವಾಗಿ 1856ರಲ್ಲಿ ಧಾರವಾಡದಲ್ಲಿ ನಾರ್ಮಲ್ ಸ್ಕೂಲು ಸ್ಥಾಪನೆಯಾಯಿತು. ಶಿಕ್ಷಣಾಧಿಕಾರಿ ರಸೆಲ್ ಸಾಹೇಬರ ಬೆಂಬಲವಿತ್ತು. ಇನ್ನೂ ಇಪ್ಪತ್ತೈದು ತುಂಬದ ಚೆನ್ನಬಸಪ್ಪನವರು ಅದರ ಮುಖ್ಯೋಪಾಧ್ಯಾಯರಾದರು.

ಹೋಟೆಲಿನ ಗಲ್ಲದಲ್ಲಿ ವರ್ಷಗಟ್ಟಲೆ ಕುಳಿತ ನಮಗೆ ಈ ಕೆಲಸದ ಮಹತ್ವವು ನಮ್ಮ ಕಸುಬಿನ ಮೂಲಕವೇ ತಿಳಿಯುತ್ತದೆ. ಬೋರ್ಡು ತೂಗುಹಾಕಿದ ಮಾತ್ರಕ್ಕೆ ಹೋಟೆಲು ನಡೆಯದು. ಮೊದಲು ಕೈಪಳಗಿದ ಅಡುಗೆಯ ಭಟ್ಟರು ಬೇಕು. ಚೆನ್ನಾಗಿ ಉಣ್ಣಬಲ್ಲವರೆಲ್ಲ ಅಡುಗೆ ಮಾಡಲಾರರು. ಹಾಗೆಯೇ ಓದಬಲ್ಲವರೆಲ್ಲ ಓದಿಸಲಾರರು. ಅಲ್ಲಿಯವರೆಗೆ ಊರೂರಿನ ಕೂಲಿಮಠಗಳ ಅಯ್ಯಗಳು ತಮಗೆ ತಿಳಿದಷ್ಟನ್ನು, ತಾವು ಕಲಿತ ಕ್ರಮದಲ್ಲಿಯೇ, ಬೆತ್ತದ ನೆರವಿನಿಂದ ಕಲಿಸುತ್ತಿದ್ದರು. ಕಲಿಸುವುದೂ ಒಂದು ವಿದ್ಯೆ, ಅದನ್ನೂ ಕಲಿತುಕೊಳ್ಳಬೇಕು ಎಂಬ ಭಾವನೆಗೆ ಕನ್ನಡದಲ್ಲಿ ಬೇರೂರಲು ನೆಲ ದೊರೆತದ್ದು ಇಂತಹ ಶಾಲೆಗಳಲ್ಲಿ.

ಮುಂದೆ ಅವರು ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರರಾದರು. ಆ ಹುದ್ದೆಯೇ ಅವರ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿತು. ಕುದುರೆಯೋ ಚಕ್ಕಡಿಯೋ ಗತಿಯಾಗಿದ್ದ ಆ ದಿನಗಳಲ್ಲಿ ಊರೂರು ಸುತ್ತಿ, ಕನ್ನಡವಾಡುವ ಊರುಗಳಲ್ಲಿದ್ದ ಮರಾಠಿ ಶಾಲೆಗಳನ್ನು ಕನ್ನಡ ಶಾಲೆಗಳನ್ನಾಗಿ ಮಾರ್ಪಡಿಸುವ ಕಾರ್ಯದಲ್ಲಿ ಅವರು ತೊಡಗಿದರು. ಇದು ಮರಾಠಿಯ ಮೇಲಿನ ದ್ವೇಷವಲ್ಲವೆಂಬುದನ್ನು, ಆ ಭಾಷೆಯ ನೆರಳಿನಲ್ಲಿ ಅನ್ನ ಉಣ್ಣುವ ನಾವು ವಿಶೇಷವಾಗಿ ನೆನೆಯಬೇಕು. ಅವರಿಗೆ ವಿದ್ಯೆಯನ್ನಿತ್ತದ್ದು ಪುಣೆಯೇ. ಮರಾಠಿ ಮಗುವಿಗೆ ತಾಯ್ನುಡಿಯಲ್ಲಿ ದೊರೆಯುವ ಪಾಠವು ಕನ್ನಡ ಮಗುವಿಗೂ ದೊರೆಯಲಿ ಎಂಬಷ್ಟೇ ಅವರ ಹಟ. ಸರ್ಕಾರದ ಅಪ್ಪಣೆಯಿಂದ ಶಾಲೆಯ ಭಾಷೆಯನ್ನು ಬದಲಾಯಿಸಬಹುದು. ಆದರೆ ಮರುದಿನ ಬೆಳಿಗ್ಗೆ ತರಗತಿಯಲ್ಲಿ ನಿಲ್ಲಲು ಕನ್ನಡದ ಉಪಾಧ್ಯಾಯನು ಬೇಕಲ್ಲವೇ? ನಾರ್ಮಲ್ ಸ್ಕೂಲಿನಲ್ಲಿ ಮಾಡಿದ ಬಿತ್ತನೆಯು ಒದಗಿ ಬಂದದ್ದು ಇಲ್ಲಿಯೇ.

ಉಪಾಧ್ಯಾಯರಿಗೆ ಓದಲು ಪುಸ್ತಕಗಳೂ ಬೇಕಾಗಿದ್ದವು. ಶಾಲೆಗೆ ಮಠವೆಂದೇ ಹೆಸರಿದ್ದ ಆ ಕಾಲದಲ್ಲಿ ಉಪಾಧ್ಯಾಯರಿಗಾಗಿ ಹೊರಟ ‘ಮಠಪತ್ರಿಕೆ’ಯೊಡನೆ ಅವರ ಹೆಸರು ಕೂಡಿಕೊಂಡಿದೆ. ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಿಂದ 1871ರಲ್ಲಿ ಕನ್ನಡಕ್ಕೆ ತಂದರು. ಅವರ ಸಮಕಾಲೀನರಾದ ವೆಂಕಟ ರಂಗೋ ಕಟ್ಟಿ, ಗಂಗಾಧರ ಮಡಿವಾಳೇಶ್ವರ ತುರಮರಿ ಮೊದಲಾದವರೂ ಆ ಸೀಮೆಯಲ್ಲಿ ಕನ್ನಡ ಬರವಣಿಗೆಯ ತೋಟವನ್ನು ಬೆಳೆಸುತ್ತಿದ್ದರು.

1881ರಲ್ಲಿ, ಐವತ್ತು ತುಂಬುವ ಮೊದಲೇ, ಚೆನ್ನಬಸಪ್ಪನವರು ತೀರಿಕೊಂಡರು. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಅವರು ಕಾಣಲಿಲ್ಲ; 1956ರ ಏಕೀಕರಣವಂತೂ ಬಹು ದೂರದ ಮಾತು. ಆದರೆ ಕನ್ನಡ ಓದಬಲ್ಲ ಜನರೇ ಇಲ್ಲದಿದ್ದರೆ ಆ ಸಂಘವನ್ನು ಯಾರು ಕಟ್ಟುತ್ತಿದ್ದರು, ಏಕೀಕರಣದ ಕೂಗನ್ನು ಯಾರು ಕೇಳುತ್ತಿದ್ದರು?

ಉಪಾಧ್ಯಾಯರ ಶಿಕ್ಷಣವು ಅಂದಿನಿಂದ ಬಹು ದೂರ ಬಂದಿದೆ. 1963ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಶಿಕ್ಷಣ ಕಾಲೇಜು, ಪದವಿಯ ವಿಷಯಗಳನ್ನೂ ಬೋಧನೆಯ ತರಬೇತಿಯನ್ನೂ ನಾಲ್ಕು ವರ್ಷಗಳಲ್ಲಿ ಒಟ್ಟಿಗೆ ಕಲಿಸುವ ಮಾರ್ಗವನ್ನು ಹಿಡಿಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಇಂತಹ ನಾಲ್ಕು ವರ್ಷಗಳ ಪದವಿಯನ್ನೇ ಮುಂದಿನ ದಾರಿಯೆಂದು ಸಾರಿದೆ. ಹನ್ನೆರಡನೆಯ ತರಗತಿ ಮುಗಿಸಿದ ವಿದ್ಯಾರ್ಥಿಯು ಆಗಲೇ ಉಪಾಧ್ಯಾಯನಾಗಲು ನಿಶ್ಚಯಿಸಿ ಹೊರಡಬಹುದು.

ಆದರೆ ಹೊರಡುವವರು ಯಾರು? ಮಗನು ಇಂಜಿನಿಯರನಾಗಲಿ, ಮಗಳು ಡಾಕ್ಟರಳಾಗಲಿ ಎಂದು ನಾವೆಲ್ಲ ಹರಸುತ್ತೇವೆ. ಉಪಾಧ್ಯಾಯನಾಗಲಿ ಎಂದು ಹರಸುವ ಮನೆ ಎಷ್ಟಿವೆ? ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರೆಂದು ಸಭೆಗಳಲ್ಲಿ ಮರುಗುತ್ತೇವೆ. ಆ ಶಾಲೆಗಳಿಗೆ ನಾಳೆ ಕನ್ನಡದ ಉಪಾಧ್ಯಾಯರನ್ನು ಎಲ್ಲಿಂದ ತರಬೇಕೆಂದು ಆಲೋಚಿಸಿದವರು ಕಡಿಮೆ. ಎಸ್ಸೆಸ್ಸೆಲ್ಸಿಗೇ ಓದು ನಿಂತುಹೋದ ನಮಗೆ ಇಂದಿಗೂ ನೆನಪಿರುವುದು ಶಾಲೆಯ ಕಟ್ಟಡವಲ್ಲ, ಅಕ್ಷರ ತಿದ್ದಿಸಿದ ಮೇಷ್ಟರ ಕೈ.

ನಮ್ಮ ಸಂಘಗಳು ವರ್ಷವರ್ಷವೂ ವಿದ್ಯಾರ್ಥಿವೇತನಗಳನ್ನು ಹಂಚುತ್ತವೆ. ಅವುಗಳಲ್ಲಿ ಒಂದನ್ನಾದರೂ, ಉಪಾಧ್ಯಾಯನಾಗುವೆನೆಂದು ಮುಂದೆ ಬರುವ ಕನ್ನಡದ ಹುಡುಗನಿಗೋ ಹುಡುಗಿಗೋ ಮೀಸಲಿಡಲಿ ಎಂಬುದು ನಮ್ಮ ಬಿನ್ನಹ. ಚೆನ್ನಬಸಪ್ಪನವರ ಸ್ಮರಣೆಗೆ ಅದಕ್ಕಿಂತ ಒಪ್ಪುವ ಕಾಣಿಕೆ ನಮಗೆ ತೋರುವುದಿಲ್ಲ.