ಆರ್ಥರ್ ಹಿಲ್ ಹ್ಯಾಸಲ್

ಕರ್ಜಗಿಯ ನಮ್ಮ ಮನೆಗೆ ಎಂದಾದರೊಮ್ಮೆ ಪೇಟೆಯ ಖಾರಪುಡಿ ಬಂದರೆ ನಮ್ಮಜ್ಜಿ ಅದನ್ನು ಕೂಡಲೆ ಡಬ್ಬಿಗೆ ತುಂಬುತ್ತಿರಲಿಲ್ಲ. ಬಟ್ಟಲಿನ ನೀರಿನ ಮೇಲೆ ಒಂದು ಚಿಟಿಕೆ ಉದುರಿಸಿ ನೋಡುತ್ತಿದ್ದಳು. ಇಟ್ಟಿಗೆಯ ಪುಡಿ ಬೆರೆತಿದ್ದರೆ ಬೇಗನೆ ತಳ ಸೇರುವುದು. ನೀರಿನಲ್ಲಿ ಕರಗುವ ಬಣ್ಣವಿದ್ದರೆ ಕೆಂಪು ಎಳೆಗಳು ಇಳಿಯುವುವು. ಈ ಪರೀಕ್ಷೆಯನ್ನು ನೋಡುತ್ತ ಬೆಳೆದ ನನಗೆ, ಹ್ಯಾಸಲ್‌ನ ಜೀವನವೃತ್ತಾಂತವನ್ನು ಮೊದಲು ಓದಿದಾಗ ಆತ ಪರಕೀಯನೆನಿಸಲಿಲ್ಲ.

ಹ್ಯಾಸಲ್ ಜನಿಸಿದ್ದು 1817ರಲ್ಲಿ, ಲಂಡನ್ನಿನ ಸಮೀಪದ ಟೆಡಿಂಗ್ಟನ್ನಿನಲ್ಲಿ. ವೃತ್ತಿಯಿಂದ ವೈದ್ಯ, ಒಲವಿನಿಂದ ಸಸ್ಯಶಾಸ್ತ್ರಜ್ಞ. ಸಿಹಿನೀರಿನ ಪಾಚಿಗಳನ್ನು ಕುರಿತು 1845ರಲ್ಲಿ ಗ್ರಂಥ ಬರೆದನು. ಅನಂತರ ಮಾನವದೇಹದ ಸೂಕ್ಷ್ಮರಚನೆಯನ್ನು ಅಭ್ಯಸಿಸಿದನು. ಥೈಮಸ್ ಗ್ರಂಥಿಯಲ್ಲಿನ ಕೆಲವು ಕಣರಚನೆಗಳಿಗೆ ಇಂದಿಗೂ ಆತನ ಹೆಸರಿದೆ.

ಕಾಫಿಪುಡಿಯಲ್ಲಿ ಚಿಕೋರಿ ಬೆರೆತಿದ್ದರೆ ಅದನ್ನು ಖಚಿತವಾಗಿ ಕಂಡುಹಿಡಿಯುವ ಉಪಾಯ ರಸಾಯನಶಾಸ್ತ್ರಕ್ಕೆ ಆಗ ದೊರೆತಿರಲಿಲ್ಲ. ಹ್ಯಾಸಲ್ 1850ರಲ್ಲಿ ಆ ಪುಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟನು. ಹುರಿದು ಪುಡಿಮಾಡಿದರೂ ಕಾಫಿಯ ಬೀಜವು ತನ್ನ ಕೋಶರಚನೆಯನ್ನು ಬಿಟ್ಟುಕೊಡುವುದಿಲ್ಲ, ಚಿಕೋರಿಯ ಬೇರೂ ಬಿಟ್ಟುಕೊಡುವುದಿಲ್ಲ. ಪಾಚಿಯನ್ನು ನೋಡಿ ಪಳಗಿದ ಕಣ್ಣಿಗೆ ಎರಡೂ ಬೇರೆಬೇರೆಯಾಗಿ ಕಂಡವು.

ವೈದ್ಯರ ಪತ್ರಿಕೆಯಾದ ಲ್ಯಾನ್ಸೆಟ್‌ನ ಸಂಪಾದಕ ಥಾಮಸ್ ವಾಕ್ಲಿ ಈ ವಿದ್ವತ್ತಿನ ಬೆಲೆಯನ್ನು ಅರಿತನು. 1851ರಿಂದ 1854ರವರೆಗೆ ಹ್ಯಾಸಲ್ ಲಂಡನ್ನಿನ ಅಂಗಡಿಗಳಿಂದ ತರಿಸಿದ ಎರಡು ಸಾವಿರಕ್ಕೂ ಮಿಕ್ಕಿದ ಮಾದರಿಗಳನ್ನು ಪರೀಕ್ಷಿಸಿದನು. ರೊಟ್ಟಿಯಲ್ಲಿ ಪಟಿಕ, ಮಿಠಾಯಿಯಲ್ಲಿ ಸೀಸದ ಬಣ್ಣ! ನಮ್ಮ ಸೀಮೆಯವರು ಮನಸ್ಸಿಗೆ ತಂದುಕೊಳ್ಳಬೇಕಾದುದು ಮೆಣಸಿನಪುಡಿಯ ಸಂಗತಿ. ಬೆಳಕಿಗೆ ತೆರೆದಿಟ್ಟರೆ ಮೆಣಸಿನಪುಡಿ ಬಣ್ಣಗೆಡುತ್ತದೆ. ಅದು ಮಾಸದಂತೆ ತೋರಲೆಂದು ವ್ಯಾಪಾರಿಗಳು, ಮರಕ್ಕೂ ಕಬ್ಬಿಣಕ್ಕೂ ಬಳಿಯುವ ಸೀಸದ ಕೆಂಪನ್ನು ಅದಕ್ಕೆ ಬೆರೆಸುತ್ತಿದ್ದರು. ಸೀಸವು ದೇಹದಲ್ಲಿ ಮೆಲ್ಲನೆ ಕೂಡುವ ವಿಷ. ತಿಂದವನಿಗೆ ತನ್ನ ಬೇನೆಯ ಮೂಲವೇ ತಿಳಿಯದು.

ಕಲಬೆರಕೆಯನ್ನು ಬಯಲುಮಾಡಿದವರಲ್ಲಿ ಹ್ಯಾಸಲ್ ಮೊದಲಿಗನಲ್ಲ. 1820ರಲ್ಲಿಯೇ ಫ್ರೆಡರಿಕ್ ಆಕ್ಯುಮ್ ಈ ಕುರಿತು ಗ್ರಂಥ ರಚಿಸಿದ್ದನು. ಆದರೆ ಹ್ಯಾಸಲ್‌ನ ವರದಿಗಳಲ್ಲಿ ಮಾದರಿಯೊಂದಿಗೆ ಅಂಗಡಿಕಾರನ ಹೆಸರೂ ವಿಳಾಸವೂ ಅಚ್ಚಾದವು. ಶುದ್ಧ ಸರಕನ್ನು ಮಾರಿದವರ ಹೆಸರೂ ಅಚ್ಚಾಯಿತು. ಒಂದು ತಪ್ಪು ಪರೀಕ್ಷೆಯಿಂದ ನಿರಪರಾಧಿಯ ಮಾನ ಹೋಗಬಹುದಿತ್ತು, ಪತ್ರಿಕೆ ನ್ಯಾಯಾಲಯ ಹತ್ತಬಹುದಿತ್ತು. ಆ ಹೊಣೆಯನ್ನು ಹೊತ್ತದ್ದೇ ಆತನ ದೊಡ್ಡತನವೆಂದು ನನಗೆ ತೋರುತ್ತದೆ.

ಪಾರ್ಲಿಮೆಂಟು 1855ರಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಕಾನೂನು ಇನ್ನೂ ಬಂದಿರಲಿಲ್ಲ. 1858ರಲ್ಲಿ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಮಿಠಾಯಿಗೆ ಅಗ್ಗದ ಬಿಳಿಪುಡಿಯೆಂದು ಪಾಷಾಣವನ್ನು ಬೆರೆಸಿದ ಪ್ರಮಾದದಿಂದ ಸುಮಾರು ಇಪ್ಪತ್ತು ಮಂದಿ ಸತ್ತರು. ಗಂಟೆ ಬಾರಿಸಿ ಸಾರುವವರು ಬೀದಿಬೀದಿಗೆ ಹೋಗಿ ಜನರನ್ನು ಎಚ್ಚರಿಸಬೇಕಾಯಿತು. ಕಲಬೆರಕೆಯನ್ನು ತಡೆಯುವ ಮೊದಲ ಕಾಯಿದೆ 1860ರಲ್ಲಿ ಬಂದಿತು. 1875ರ ಕಾಯಿದೆ ಅದಕ್ಕೆ ಬಲ ತುಂಬಿತು.

ಹ್ಯಾಸಲ್ ಅಷ್ಟರಲ್ಲಿ ಶ್ವಾಸಕೋಶದ ವ್ಯಾಧಿಗೆ ತುತ್ತಾಗಿದ್ದನು. ತನ್ನಂಥ ರೋಗಿಗಳಿಗಾಗಿ ವೈಟ್ ದ್ವೀಪದ ವೆಂಟ್ನರಿನಲ್ಲಿ ಕ್ಷಯರೋಗದ ಆಸ್ಪತ್ರೆಯನ್ನು ಸ್ಥಾಪಿಸಿದನು. ಕೊನೆಗಾಲದಲ್ಲಿ ಇಟಲಿಯ ಸಾನ್ ರೆಮೋದಲ್ಲಿ ನೆಲಸಿ, 1894ರಲ್ಲಿ ಅಲ್ಲಿಯೇ ತೀರಿಕೊಂಡನು. ಆಸ್ಪತ್ರೆಯಿದ್ದ ಆ ನೆಲದಲ್ಲಿ ಈಗ ಸಸ್ಯೋದ್ಯಾನವಿದೆ.

ಅವನು ತೀರಿಕೊಂಡು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ, 2005ರ ಫೆಬ್ರವರಿಯಲ್ಲಿ, ಬ್ರಿಟನ್ನಿನ ಅಂಗಡಿಗಳಿಂದ 400ಕ್ಕೂ ಹೆಚ್ಚು ಬಗೆಯ ಸಿದ್ಧ ತಿನಿಸುಗಳನ್ನು ಹಿಂದಕ್ಕೆ ತರಿಸಬೇಕಾಯಿತು. ಅವುಗಳಿಗೆ ಬಳಸಿದ ಒಂದು ಸಾಸಿನಲ್ಲಿದ್ದ ಭಾರತದ ಮೆಣಸಿನಪುಡಿಯಲ್ಲಿ ಸುಡಾನ್-1 ಎಂಬ ಬಣ್ಣ ಸಿಕ್ಕಿತ್ತು. ಮೇಣಕ್ಕೂ ಬೂಟಿನ ಪಾಲಿಶ್‌ಗೂ ಹಾಕುವ ಬಣ್ಣವದು. ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗದು. ನಮ್ಮಜ್ಜಿಯ ಬಟ್ಟಲಿಗೆ ಅದು ಸಿಕ್ಕುತ್ತಿರಲಿಲ್ಲ.

ಬ್ಯಾಡಗಿಯ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣದಿಂದಲೇ ಬೆಲೆ. ಆ ಸಹಜವಾದ ಕೆಂಪನ್ನು ಬೆಳೆಯುವ ರೈತ ಯಾವ ಡಬ್ಬಿಗೂ ಬಣ್ಣ ಸುರಿದವನಲ್ಲ. ಆದರೂ ಎಲ್ಲೋ ಯಾರೋ ಬೆರೆಸಿದ ಚಿಟಿಕೆಯಿಂದ ಸಂಶಯ ಬೀಳುವುದು ಅವನ ಚೀಲದ ಮೇಲೆ. ಬೆರೆಸಿದವನ ಹೆಸರನ್ನೂ ಬೆರೆಸದವನ ಹೆಸರನ್ನೂ ಒಂದೇ ಪುಟದಲ್ಲಿ ಬೇರೆಬೇರೆಯಾಗಿ ತೋರಿಸಿದ ಹ್ಯಾಸಲ್, ಮಾಗಿಯ ದಿನಗಳಲ್ಲಿ ನಮ್ಮ ಕಣಗಳು ಕೆಂಪಾದಾಗಲೆಲ್ಲ ನನಗೆ ನೆನಪಾಗುತ್ತಾನೆ.